ಅಂಗಮರ್ದನ ಮತ್ತು ಹಸ್ತಚಿಕಿತ್ಸೆ

ಬೆಂಗಳೂರು ದಂಡಿನ ರಿಚರ್ಡ್ಸ್ ಟೌನಿನಲ್ಲಿಯೂ, ನಾಡಿನ ಇತರೆಡೆಗಳಲ್ಲಿರುವಂತೆ, ಹೆಗಲು ಹಿಡಿದುಕೊಂಡ ಹಿರಿಯರಿಗೆ ಮನೆಯಲ್ಲಿ ಎಣ್ಣೆ ತಿಕ್ಕುವುದುಂಟು. ಫಿಜಿಯೋಥೆರಪಿ ತಜ್ಞರೂ ಕೈಯಿಂದಲೇ ಉಪಚರಿಸುತ್ತಾರೆ. ಆದುದರಿಂದ ಎರಡೂ ಒಂದೇ ಎಂಬ ಭಾವನೆ ಮೂಡುವುದು ಸಹಜ. ಆದರೆ ಅದು ಸರಿಯಲ್ಲ.

ಅಂಗಮರ್ದನದ ಕ್ಷೇತ್ರ ಚರ್ಮ, ಸ್ನಾಯು ಮೊದಲಾದ ಮೃದು ಭಾಗಗಳು. ಅದರಿಂದ ಸ್ನಾಯುಗಳ ಬಿಗುವು ಸಡಿಲಿ, ನೋವು ಕೆಲಕಾಲ ಶಮನವಾಗುತ್ತದೆ. ಹಸ್ತಚಿಕಿತ್ಸೆಯಾದರೋ ಕೀಲಿನ ಪರೀಕ್ಷೆಯಿಂದ ಆರಂಭವಾಗುತ್ತದೆ. ಆಸ್ಟ್ರೇಲಿಯದ ಜೆಫ್ರಿ ಮೇಟ್ಲೆಂಡರ ಪದ್ಧತಿಯಲ್ಲಿ ಕೀಲನ್ನು ಮೆಲ್ಲನೆ ಆಡಿಸುವ ಕ್ರಮಕ್ಕೆ 4 ಶ್ರೇಣಿಗಳಿವೆ: ಮೊದಲೆರಡು ನೋವಿಗೆ, ಉಳಿದೆರಡು ಬಿಗಿತಕ್ಕೆ.

ಹೆಗಲಿನ ಕೀಲನ್ನು ಸುತ್ತಿರುವ ಕೋಶವೇ ದಪ್ಪಗಾಗಿ ಬಿಗಿದಿದ್ದರೆ, ರೋಗಿಯೇ ಎತ್ತಲಿ, ಪರರು ಎತ್ತಲಿ, ತೋಳು ಪೂರ್ಣವಾಗಿ ಮೇಲೇರದು. ಬರಿಯ ಎಣ್ಣೆಯ ನೀವುವಿಕೆ ಆ ಕೋಶವನ್ನು ಸಡಿಲಿಸಲಾರದು. ಆದರೂ ಅದು ನಿರರ್ಥಕವಲ್ಲ. ಸುತ್ತಲಿನ ಸ್ನಾಯುಗಳು ಮೊದಲು ಸಡಿಲಗೊಂಡರೆ ಕೀಲಿನ ಚಾಲನೆಯನ್ನು ರೋಗಿ ಸುಲಭವಾಗಿ ಸಹಿಸುತ್ತಾನೆ. ಹೀಗೆ ಗಳಿಸಿದ ಚಲನೆಯನ್ನು ಉಳಿಸುವುದು ನಿತ್ಯವ್ಯಾಯಾಮ.

ಬಿದ್ದು ಪೆಟ್ಟಾದವರ ವಿಷಯ ಬೇರೆ. ಮೂಳೆ ಮುರಿದಿಲ್ಲವೆಂದು ವೈದ್ಯರು ಖಚಿತಪಡಿಸುವವರೆಗೆ ಎರಡೂ ಸಲ್ಲವು. ನೋವಿನ ಕಾರಣವನ್ನು ಅರಿತ ಮೇಲೆಯೇ ಕೈಯಿಡಬೇಕೆಂಬುದನ್ನು ನಾವು ಇಲ್ಲಿ ಒತ್ತಿ ಹೇಳಬಯಸುತ್ತೇವೆ.