ಗೋಬಿಂದ್‌ಗಢ: ಬೀಗ ತೆರೆದ ಕೋಟೆ

ಕಳೆದ ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಅಮೃತಸರಕ್ಕೂ ಹೋಗಿ ಬಂದೆವು. ಸ್ವರ್ಣಮಂದಿರ, ಜಲಿಯನ್‌ವಾಲಾ ಬಾಗ್ ನೋಡಿ ವಾಘಾ ಗಡಿಗೆ ಹೊರಡುವ ಅವಸರದಲ್ಲಿ ಅನೇಕರು ಬಿಟ್ಟುಬಿಡುವ ಜಾಗವೊಂದು ಅಲ್ಲಿದೆ. ಅದೇ ಗೋಬಿಂದ್‌ಗಢ ಕೋಟೆ. ಇಲ್ಲಿ ನನ್ನ ಜೊತೆ ಕೆಲಸ ಮಾಡುವ ಸರ್ದಾರ್‌ಜಿಯೊಬ್ಬರು, "ನಮ್ಮೂರಿನ ಕೋಟೆ, ಆದರೆ ನಾನೇ ಒಳಗೆ ಕಾಲಿಟ್ಟಿಲ್ಲ. ನೀವಾದರೂ ನೋಡಿ ಬನ್ನಿ ಭಾಯಿಸಾಬ್" ಎಂದಿದ್ದರು.

18ನೇ ಶತಮಾನದಲ್ಲಿ ಭಂಗಿ ಮಿಸಲ್‌ನ ಸರದಾರ ಗುಜ್ಜರ್ ಸಿಂಗ್ ಇಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ. 19ನೇ ಶತಮಾನದ ಆರಂಭದಲ್ಲಿ ಮಹಾರಾಜ ರಣಜಿತ್ ಸಿಂಗ್ ಅದನ್ನು ಇಟ್ಟಿಗೆ, ಸುಣ್ಣದ ಗಾರೆಯಿಂದ ಬಲಪಡಿಸಿ, ಸುತ್ತ ಕಂದಕ ತೋಡಿಸಿ, ಹತ್ತನೇ ಗುರು ಗೋಬಿಂದ್ ಸಿಂಗರ ಹೆಸರಿಟ್ಟ. ಇಲ್ಲಿನ ತೋಷಖಾನೆಯಲ್ಲಿ ಕೊಹಿನೂರ್ ವಜ್ರವೂ ಇತ್ತು. 1849ರಲ್ಲಿ ಬ್ರಿಟಿಷರು ಪಂಜಾಬನ್ನು ವಶಪಡಿಸಿಕೊಂಡಾಗ ಸಿಂಹಾಸನದಲ್ಲಿದ್ದ ದುಲೀಪ್ ಸಿಂಗ್‌ಗೆ ಬರೀ ಹತ್ತು ವರ್ಷ. ವಜ್ರ ಇಂಗ್ಲೆಂಡಿಗೆ ಹೋಯಿತು, ಕೋಟೆ ಬ್ರಿಟಿಷ್ ಸೈನ್ಯದ ಪಾಲಾಯಿತು.

ಸ್ವಾತಂತ್ರ್ಯದ ನಂತರವೂ ಅದು ಸೇನೆಯ ಕೈಯಲ್ಲೇ ಇತ್ತು. 2006ರಲ್ಲಿ ಪಂಜಾಬ್ ಸರ್ಕಾರಕ್ಕೆ ಹಸ್ತಾಂತರವಾಗಿ, ದುರಸ್ತಿ ನಡೆದು, ಜನರಿಗೆ ತೆರೆಯುವಷ್ಟರಲ್ಲಿ ಇನ್ನೂ ಒಂದು ದಶಕ ಕಳೆಯಿತು. ಸೇನೆಯ ಕಾವಲಿನಿಂದ ಕೋಟೆ ಒತ್ತುವರಿಯಾಗದೆ ಉಳಿಯಿತು. ಆದರೆ ಅದೇ ಕಾರಣಕ್ಕೆ ಊರಿನ ಹಲವು ತಲೆಮಾರುಗಳು ಅದನ್ನು ಹೊರಗಿನಿಂದಷ್ಟೇ ಕಂಡವು.

ಇಂಥ ಗೋಡೆಗಳ ದುರಸ್ತಿ ಸುಲಭವಲ್ಲ. ಹಳೆಯ ಇಟ್ಟಿಗೆ, ಸುಣ್ಣದ ಗಾರೆ ತೇವವನ್ನು ಹೀರಿ ಹೊರಗೆ ಬಿಡುತ್ತವೆ. ಮೇಲೆ ಸಿಮೆಂಟ್ ಬಳಿದರೆ ನೀರು ಒಳಗೇ ನಿಂತು ಇಟ್ಟಿಗೆ ಪುಡಿಯಾಗುತ್ತದೆ. ಈಗ ಅಲ್ಲಿ ಟಿಕೆಟ್, ಬೆಳಕಿನ ಪ್ರದರ್ಶನ, ತಿಂಡಿ ಅಂಗಡಿಗಳಿವೆ. ಸಂತೆಯಂತಾಗಿದೆ ಎಂದು ಗೊಣಗುವವರೂ ಇದ್ದಾರೆ. ಆದರೂ ತೋಷಖಾನೆಯ ಮುಂದೆ ಮೊಮ್ಮಗನಿಗೆ ಕಥೆ ಹೇಳುತ್ತಿದ್ದ ಅಜ್ಜನನ್ನು ಕಂಡಾಗ, ಬೀಗ ತೆರೆದದ್ದೇ ಒಳ್ಳೆಯದಾಯಿತು ಎನಿಸಿತು.

ಈ ಕೋಟೆಯ ಹೆಸರಿಗೂ ನಮಗೂ ಒಂದು ನಂಟಿದೆ. 1699ರಲ್ಲಿ ಗುರು ಗೋಬಿಂದ್ ಸಿಂಗರು ಖಾಲ್ಸಾ ಸ್ಥಾಪಿಸಿದಾಗ ಮುಂದೆ ಬಂದ ಪಂಚ ಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು. ಇದನ್ನು ಹೇಳಿದ ಕೂಡಲೇ ಮಗಳು ಕೇಳಿದಳು: "ಹಾಗಾದ್ರೆ ಬೀದರ್ ಕೋಟೆ ಹೇಗಿದೆ ಅಪ್ಪ?"

ನಾನು ನೋಡಿರಲಿಲ್ಲ. ಅದಕ್ಕೆ ಸೇನೆಯ ಬೀಗವೇನೂ ಇರಲಿಲ್ಲ. ಮುಂದಿನ ರಜೆಗೆ ಬೀದರ್ ಎಂದು ಈಗಲೇ ಬರೆದಿಟ್ಟಿದ್ದೇವೆ. ಸರ್ದಾರ್‌ಜಿಯೂ ಈ ಸಲ ಊರಿಗೆ ಹೋದಾಗ ಮೊದಲು ಕೋಟೆಗೇ ಹೋಗುತ್ತಾರಂತೆ.