ರಾಷ್ಟ್ರಪತಿಯ ಆಯ್ಕೆ ಮತ್ತು ಮತದ ‘ಮೌಲ್ಯ’: ನಾಲ್ಕು ಕ್ಷೇತ್ರಗಳ ನಿದರ್ಶನ

ಭಾರತದ ರಾಷ್ಟ್ರಪತಿಯನ್ನು ಪ್ರಜೆಗಳು ನೇರವಾಗಿ ಆರಿಸುವುದಿಲ್ಲವೆಂಬುದು ಸರ್ವವಿದಿತ. ಆದರೆ ‘ಪರೋಕ್ಷ ಚುನಾವಣೆ’ ಎಂದಷ್ಟೇ ಹೇಳಿ ನಿಲ್ಲಿಸಿದರೆ, ಅಲ್ಲಿ ‘ಮತ’ ಎಂಬ ಪದ ಪಡೆದುಕೊಳ್ಳುವ ವಿಶಿಷ್ಟಾರ್ಥ ಮರೆಯಾಗುತ್ತದೆ. ಅಮೆರಿಕದಲ್ಲಿ ಅಧ್ಯಕ್ಷರ ಆಯ್ಕೆಗೆಂದೇ 538 ಮಂದಿ ಪ್ರತ್ಯೇಕವಾಗಿ ನಿಯುಕ್ತರಾಗುತ್ತಾರೆ. ನಮ್ಮ ಸಂವಿಧಾನದ 54ನೆಯ ವಿಧಿಯ ಮತದಾರ ಗಣದಲ್ಲಿ ಅಂಥವರಿಲ್ಲ. ಸಂಸತ್ತಿನ ಉಭಯ ಸದನಗಳ ಹಾಗೂ ವಿಧಾನಸಭೆಗಳ ಚುನಾಯಿತ ಸದಸ್ಯರೇ ಆಯ್ಕೆಗಾರರು. ನಾಮನಿರ್ದೇಶಿತರಿಗೂ ವಿಧಾನ ಪರಿಷತ್ತಿನ ಸದಸ್ಯರಿಗೂ ಇದರಲ್ಲಿ ಪಾಲಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕ್ಷೇತ್ರಗಳನ್ನು ನಿದರ್ಶನವಾಗಿ ಪರಿಶೀಲಿಸಬಹುದು. 2022ರ ಜುಲೈ 18ರಂದು ದ್ರೌಪದಿ ಮುರ್ಮು ಮತ್ತು ಯಶವಂತ ಸಿನ್ಹಾ ಅವರ ನಡುವೆ ಚುನಾವಣೆ ನಡೆದಾಗ, ಕನಕಪುರದ ಶಾಸಕರು ಕಾಂಗ್ರೆಸ್ಸಿನವರು, ಉಳಿದ ಮೂವರು ಜಾತ್ಯತೀತ ಜನತಾದಳದವರು. ಕಾಂಗ್ರೆಸ್ ಸಿನ್ಹಾ ಅವರನ್ನೂ ಜನತಾದಳ ಮುರ್ಮು ಅವರನ್ನೂ ಬೆಂಬಲಿಸಿದ್ದವು. ಮತದಾನ ಗುಪ್ತವಾದುದರಿಂದಲೂ ಪಕ್ಷದ ವಿಪ್ ಇಲ್ಲಿ ಅನ್ವಯಿಸದುದರಿಂದಲೂ ಯಾರು ಯಾರಿಗೆ ಮತವಿತ್ತರೆಂದು ದಾಖಲೆ ಹೇಳುವುದಿಲ್ಲ. ಅದು ಹೇಳುವುದು ತೂಕವನ್ನು ಮಾತ್ರ: ಪ್ರತಿಯೊಬ್ಬರ ಮತದ ಮೌಲ್ಯ 131.

ಈ ಸಂಖ್ಯೆ ಬಂದ ಬಗೆ ಸರಳವಾಗಿದೆ. 1971ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆ 2,92,99,014. ಅದನ್ನು 224 ಸ್ಥಾನಗಳಿಂದಲೂ ಮತ್ತೆ ಸಾವಿರದಿಂದಲೂ ಭಾಗಿಸಿದರೆ ಸುಮಾರು 131. ಕ್ಷೇತ್ರ ಚಿಕ್ಕದಿರಲಿ, ದೊಡ್ಡದಿರಲಿ, ರಾಜ್ಯದೊಳಗೆ ವ್ಯತ್ಯಾಸವಿಲ್ಲ. ಎಲ್ಲ ಶಾಸಕರ ಒಟ್ಟು ಮೌಲ್ಯವನ್ನು ಚುನಾಯಿತ ಸಂಸದರಿಗೆ ಸಮನಾಗಿ ಹಂಚಿದಾಗ 2022ರಲ್ಲಿ ಸಂಸದರೊಬ್ಬರ ಮತ 700 ಆಯಿತು. ನಾಲ್ಕು ಕ್ಷೇತ್ರಗಳ ಶಾಸಕರು ಕೂಡಿದರೂ 524. ಒಬ್ಬ ಸಂಸದರಿಗಿಂತ ಕಡಿಮೆಯೇ.

ಮತಪತ್ರದಲ್ಲಿ ಒಲವುಗಳನ್ನು 1, 2 ಎಂದು ಅಂಕಿಗಳಲ್ಲಿ ಬರೆಯಬೇಕು. ಎರಡನೆಯ ಒಲವು ಬರಿಯ ಔಪಚಾರಿಕವಲ್ಲವೆಂಬುದಕ್ಕೆ 1969ರ ಚುನಾವಣೆ ಸಾಕ್ಷಿ: ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿಯವರು ಮೊದಲ ಎಣಿಕೆಯಲ್ಲಿ ಅಗತ್ಯ ಪ್ರಮಾಣವನ್ನು ಮುಟ್ಟದೆ, ಮುಂದಿನ ಒಲವುಗಳ ಬಲದಿಂದ ನೀಲಂ ಸಂಜೀವ ರೆಡ್ಡಿಯವರನ್ನು ಸೋಲಿಸಿದರು.

ಹೆಚ್ಚು ವಿಚಾರಾರ್ಹವಾದುದು ಜನಗಣತಿಯ ವರ್ಷ. 1976ರ 42ನೆಯ ತಿದ್ದುಪಡಿಯು 1971ರ ಅಂಕಿಯನ್ನು ಸ್ಥಿರಗೊಳಿಸಿತು. 84ನೆಯ ತಿದ್ದುಪಡಿಯು ಆ ಅವಧಿಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ವಿಸ್ತರಿಸಿತು. ಜನಸಂಖ್ಯೆಯನ್ನು ನಿಯಂತ್ರಿಸಿದ ರಾಜ್ಯಗಳಿಗೆ ನಷ್ಟವಾಗಬಾರದೆಂಬುದು ಇದರ ಆಶಯ. 2011ರ ಗಣತಿಯನ್ನು ಅನ್ವಯಿಸಿ ನೋಡಿದರೆ ಮಾಗಡಿಯ ಶಾಸಕರ ಮತ 131ರಿಂದ 273ಕ್ಕೆ ಏರುತ್ತದೆ. ಇದು ಲಾಭವೆಂದು ತೋರಬಹುದು. ಆದರೆ ಉತ್ತರ ಪ್ರದೇಶದ ಶಾಸಕರ ಮತ 208ರಿಂದ 496ಕ್ಕೆ ಏರುತ್ತದೆ. ಅಂಕಿ ಇಮ್ಮಡಿಯಾದರೂ ಒಟ್ಟು ಮೌಲ್ಯದಲ್ಲಿ ಕರ್ನಾಟಕದ ಪಾಲು ಉತ್ತರ ಪ್ರದೇಶದೆದುರು ಕುಗ್ಗುತ್ತದೆ.