ಕಾಯಕಕ್ಕೆ ಲೆಕ್ಕವೇ ಕಣ್ಣು

ಕಾಯಕ ಮತ್ತು ದಾಸೋಹಗಳು ಶರಣಧರ್ಮದ ಎರಡು ಆಧಾರಸ್ತಂಭಗಳೆಂಬುದನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲರು. ಆದರೆ ಇವೆರಡರ ನಡುವೆ ಲೆಕ್ಕವೆಂಬುದೊಂದು ಇದೆಯೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ದುಡಿದುದೆಷ್ಟು, ಅದರಲ್ಲಿ ನಿಜವಾಗಿ ಉಳಿದುದೆಷ್ಟು ಎಂಬುದನ್ನು ಅರಿಯದವರು ದಾಸೋಹಕ್ಕೆ ಏನನ್ನು ಸಲ್ಲಿಸಿಯಾರು? ಸಾಲದ ಹಣವನ್ನು ಗಳಿಕೆಯೆಂದು ಬಗೆದು ವ್ಯಯಿಸಿದರೆ ಅದು ದಾಸೋಹವಾಗದು, ಸಂಸಾರಕ್ಕೆ ಬಂಧನವಾದೀತು.

ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಭಂಡಾರದ ಹಣ ದುರ್ವ್ಯಯವಾಗಿದೆಯೆಂದು ದೂರು ಹೋದಾಗ ಎಣಿಸಿ ನೋಡಲಾಗಿ ಕೊರತೆಯಿರಲಿಲ್ಲವೆಂದು ಶರಣಚರಿತ್ರೆಗಳು ಸಾರುತ್ತವೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಇದ್ದಲ್ಲಿಗೇ ಹಿಂದಿರುಗಿಸಿ ಬರಬೇಕೆಂದು ಲಕ್ಕಮ್ಮನವರು ಹೇಳಿದ ಪ್ರಸಂಗ ಎಲ್ಲರಿಗೂ ತಿಳಿದದ್ದು. ಮನೆಗೆ ಎಷ್ಟು ಬೇಕು, ಬಂದುದೆಷ್ಟು ಎಂಬುದು ಆ ತಾಯಿಗೆ ನಿತ್ಯವೂ ಗೊತ್ತಿದ್ದುದರಿಂದಲೇ ಹೆಚ್ಚಾದುದು ಕಣ್ಣಿಗೆ ಬಿತ್ತು. ಇಂದಿನ ವ್ಯಾಪಾರಸ್ಥರು ದಾಸ್ತಾನು ಲೆಕ್ಕವೆನ್ನುವುದು ಈ ಎಚ್ಚರವನ್ನೇ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರಚಿತವಾದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ರೇಷ್ಮೆಯು ಸಾವಿರಾರು ಸಂಸಾರಗಳ ಅನ್ನ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ನಾಡಿನ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿಯ ಮಹಾವಿದ್ಯಾಲಯವೇ ಇದೆ. ಜಾತಿಮತಗಳ ಭೇದವಿಲ್ಲದೆ ಅನೇಕ ಮನೆಗಳು ಗೂಡು ಕೊಂಡು ನೂಲು ಬಿಚ್ಚಿ ಬದುಕುತ್ತಿವೆ. ಗೂಡಿನ ಬೆಲೆ ದಿನದಿನಕ್ಕೆ ಏರಿಳಿಯುವ ಈ ಕಸುಬಿನಲ್ಲಿ, ಹಗಲಿರುಳು ದುಡಿದರೂ ವರ್ಷದ ಕೊನೆಗೆ ಸಾಲವೇ ಬೆಳೆದಿರುವ ಮನೆಗಳುಂಟು. ದುಡಿಮೆಯಲ್ಲಿ ಕೊರತೆಯಿಲ್ಲದಿದ್ದರೂ ಲೆಕ್ಕದಲ್ಲಿ ಕೊರತೆಯಿದ್ದರೆ ಹೀಗಾಗುತ್ತದೆ.

ಲಾಟಿಗೊಂದು ಲೆಕ್ಕ

ಒಂದು ಕಿಲೋ ನೂಲು ತೆಗೆಯಲು ಎಷ್ಟು ಕಿಲೋ ಗೂಡು ಬೇಕಾಯಿತು ಎಂಬ ಅಳತೆಗೆ ಕಸುಬಿನವರು ರೆಂಡಿಟ್ಟಾ ಎನ್ನುತ್ತಾರೆ. ಈ ಅಂಕಿ ಕಡಿಮೆಯಾದಷ್ಟೂ ಒಳ್ಳೆಯದು. ಲೆಕ್ಕದ ಅನುಕೂಲಕ್ಕಾಗಿ ನಾವೇ ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. ಕಿಲೋಗೆ 500 ರೂಪಾಯಿಯಂತೆ 105 ಕಿಲೋ ಗೂಡು ಕೊಂಡರೆ 52,500 ರೂಪಾಯಿ. ಕೂಲಿ, ಸೌದೆ, ವಿದ್ಯುತ್ತು, ಸಾಗಾಣಿಕೆಗಳಿಗೆ 7,500. ಒಟ್ಟು 60,000. ಹುಳು ಮತ್ತು ತ್ಯಾಜ್ಯ ರೇಷ್ಮೆಯ ಮಾರಾಟದಿಂದ 2,000 ಬಂದರೆ ಉಳಿದ ವೆಚ್ಚ 58,000. ನೂಲಿನ ಬೆಲೆ ಕಿಲೋಗೆ 4,000 ಎಂದಿಟ್ಟುಕೊಳ್ಳೋಣ.

ರೆಂಡಿಟ್ಟಾ 7 ಆದರೆ 15 ಕಿಲೋ ನೂಲು ಬರುತ್ತದೆ, ಮಾರಿದರೆ 60,000, ಲಾಭ 2,000. ರೆಂಡಿಟ್ಟಾ 7.5 ಆದರೆ ನೂಲು 14 ಕಿಲೋ ಮಾತ್ರ, ಮಾರಿದರೆ 56,000, ನಷ್ಟ 2,000. ಅರ್ಧ ಕಿಲೋ ಗೂಡಿನ ವ್ಯತ್ಯಾಸ ಲಾಭವನ್ನು ನಷ್ಟವಾಗಿಸಿತು. ತಿಂಗಳ ಕೊನೆಗೆ ಪೆಟ್ಟಿಗೆಯ ಹಣವನ್ನಷ್ಟೇ ಎಣಿಸುವವರಿಗೆ ಯಾವ ಲಾಟು ಕೈಹಿಡಿಯಿತು, ಯಾವುದು ಕೈಕೊಟ್ಟಿತು ಎಂಬುದು ತಿಳಿಯುವುದೇ ಇಲ್ಲ. ಪ್ರತಿ ಲಾಟಿಗೂ ಸಂಖ್ಯೆ ಕೊಟ್ಟು, ಅದರ ಗೂಡು, ಕೂಲಿ, ಸೌದೆ, ನೂಲುಗಳನ್ನು ಅದರ ಹೆಸರಿನಲ್ಲಿಯೇ ಬರೆಯುವುದಕ್ಕೆ ಕೆಲಸವಾರು ವೆಚ್ಚದ ಲೆಕ್ಕವೆನ್ನುತ್ತಾರೆ. ಬಾಡಿಗೆ, ಬಡ್ಡಿ, ಯಂತ್ರದ ಸವಕಳಿಗಳು ಯಾವುದೊಂದು ಲಾಟಿಗೂ ಸೇರಿದವಲ್ಲ; ಅವುಗಳನ್ನು ಎಲ್ಲ ಲಾಟುಗಳಿಗೂ ತೂಕದ ಮೇಲೋ ದಿನದ ಮೇಲೋ ಹಂಚಬೇಕು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೇಲಿನ 7,500 ರೂಪಾಯಿಗಳಲ್ಲಿ 3,000 ಮನೆಯೊಡತಿಯ ಮತ್ತು ಮಕ್ಕಳ ದುಡಿಮೆಯ ಬೆಲೆಯೆಂದು ಭಾವಿಸೋಣ. ಮನೆಯವರಿಗೆ ಕೂಲಿಯೇಕೆಂದು ಅದನ್ನು ಬರೆಯದೆ ಬಿಟ್ಟರೆ, 2,000 ನಷ್ಟದ ಲಾಟು 1,000 ಲಾಭದಂತೆ ತೋರುತ್ತದೆ. ಆ ಸಾವಿರವು ಲಾಭವಲ್ಲ. ಬಿಸಿನೀರಿನಲ್ಲಿ ಕೈಯದ್ದಿ ದುಡಿದ ತಾಯಿಯ ಕೂಲಿಯಲ್ಲಿ ಅಳಿದುಳಿದ ಭಾಗ. ಹೆಣ್ಣಿನ ಕಾಯಕಕ್ಕೂ ಗಂಡಿನ ಕಾಯಕದಷ್ಟೇ ಬೆಲೆಯೆಂದು ಸಾರಿದ ಪರಂಪರೆಯವರು ನಾವು. ಆ ಬೆಲೆ ನಮ್ಮ ಕೀರ್ದಿಯಲ್ಲಿಯೂ ಕಾಣಬೇಕಲ್ಲವೆ?

ದಾಸ್ತಾನಿನ ಬೆಲೆ

ದಾಸ್ತಾನಿನ ವಿಷಯದಲ್ಲಿಯೂ ಎಚ್ಚರ ಬೇಕು. ಗೂಡು ಒಣಗಿದಂತೆ ತೂಕ ಇಳಿಯುತ್ತದೆ. ಕೊಂಡ ದಿನದ ತೂಕವನ್ನೇ ಇಂದಿನ ದಾಸ್ತಾನೆಂದು ನಂಬುವಂತಿಲ್ಲ. ಬೆಲೆಯೂ ಹಾಗೆಯೇ. ಕಿಲೋಗೆ 600ರಂತೆ ಕೊಂಡ 100 ಕಿಲೋ ಗೂಡಿನೊಡನೆ 500ರಂತೆ ಕೊಂಡ 100 ಕಿಲೋ ಬೆರೆತರೆ ಕಿಲೋಗೆ ಸರಾಸರಿ 550 ಎಂದೇ ಹಿಡಿಯಬೇಕು. ಅಗ್ಗದ್ದನ್ನು ಮಾತ್ರ ನೆನೆದು ನೂಲಿನ ಬೆಲೆ ಕಟ್ಟಿದರೆ ಮೋಸಹೋಗುವವರು ನಾವೇ. ಮಾರದೆ ಉಳಿದ ನೂಲನ್ನು ಅದಕ್ಕೆ ತಗುಲಿದ ವೆಚ್ಚ, ಇಂದು ಮಾರಿದರೆ ದೊರೆಯುವ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರಂತೆ ಬರೆಯಬೇಕೆಂಬುದು ಲೆಕ್ಕಶಾಸ್ತ್ರದ ಒಪ್ಪಿತ ನಿಯಮ. ಬಾರದ ಲಾಭವನ್ನು ಬಂದಿತೆಂದು ಬರೆಯಬಾರದೆಂಬುದೇ ಇದರ ತಾತ್ಪರ್ಯ.

ಗಣಕಯಂತ್ರದ ನೆರವು

ಗೌರಿಬಿದನೂರಿನ ಕುಡುಮಲಕುಂಟೆಯಂತಹ ಕೈಗಾರಿಕಾ ಪ್ರದೇಶಗಳ ದೊಡ್ಡ ಕಾರ್ಖಾನೆಗಳಿಗೆ ಇದಾವುದೂ ಹೊಸತಲ್ಲ. ಕಚ್ಚಾ ಸಾಮಗ್ರಿ ಉಗ್ರಾಣಕ್ಕೆ ಬಂದುದು, ಅಲ್ಲಿಂದ ಕೆಲಸಕ್ಕೆ ಹೋದುದು, ಸಿದ್ಧ ಸರಕಾಗಿ ಮರಳಿದುದು, ಇವೆಲ್ಲವನ್ನೂ ತಂತ್ರಾಂಶವು ಒಂದರೊಡನೊಂದು ಹೆಣೆದು ಇಡುತ್ತದೆ. ನಾಡಿನೆಲ್ಲೆಡೆ ಬಳಕೆಯಲ್ಲಿರುವ ಟ್ಯಾಲಿ ಎಂಬ ತಂತ್ರಾಂಶದ ಹುಟ್ಟು ಕೂಡ ಇಂತಹ ಅಗತ್ಯದಿಂದಲೇ ಆದದ್ದು. ಬಟ್ಟೆ ಗಿರಣಿಗಳಿಗೆ ಕಚ್ಚಾ ಸಾಮಗ್ರಿಯನ್ನೂ ಯಂತ್ರದ ಬಿಡಿಭಾಗಗಳನ್ನೂ ಒದಗಿಸುತ್ತಿದ್ದ ಶ್ಯಾಮಸುಂದರ ಗೋಯೆಂಕಾ ಅವರು, ತಮ್ಮ ಲೆಕ್ಕಕ್ಕೆ ಒಗ್ಗುವ ತಂತ್ರಾಂಶ ದೊರೆಯದಿರಲು, ಗಣಿತ ಓದಿದ್ದ ಮಗ ಭರತ್ ಅವರಿಗೆ ಅದನ್ನು ರಚಿಸಲು ಹೇಳಿದರು. 1986ರಲ್ಲಿ ಅವರ ಸಂಸ್ಥೆ ಆರಂಭವಾಯಿತು. ತಂದೆಯ ಕಾಯಕದ ಕಷ್ಟವನ್ನು ಮಗನ ವಿದ್ಯೆ ಪರಿಹರಿಸಿದ ಈ ನಿದರ್ಶನವನ್ನು ನಮ್ಮ ತರುಣರು ಗಮನಿಸಬೇಕು.

ನಮ್ಮ ಮನೆಗಳ ಮಕ್ಕಳು ವಾಣಿಜ್ಯವನ್ನೂ ಗಣಕವಿದ್ಯೆಯನ್ನೂ ಓದುತ್ತಿದ್ದಾರೆ. ಊರಿನ ಕಸುಬು ತಮಗೆ ಸಲ್ಲದೆಂದು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಅವರು ವಾರಕ್ಕೊಂದು ಸಂಜೆ ತಂದೆಯ ಪಕ್ಕ ಕುಳಿತು ಲಾಟುಗಳ ಲೆಕ್ಕ ಬರೆದರೆ, ಕಸುಬನ್ನು ಮುಂದುವರಿಸಬೇಕೋ ಬದಲಿಸಬೇಕೋ ಎಂಬ ತೀರ್ಮಾನವಾದರೂ ಕಣ್ಣು ತೆರೆದು ಆದೀತು. ಆದರೆ ಯಂತ್ರವು ಬರೆದುದನ್ನು ಮಾತ್ರ ಕೂಡಿಸುತ್ತದೆ. ತೂಕದಲ್ಲಿ ಸುಳ್ಳು ಬರೆದರೆ ಸುಳ್ಳಿನ ಮೊತ್ತವನ್ನೇ ಅಚ್ಚುಕಟ್ಟಾಗಿ ತೋರಿಸೀತು. ಸತ್ಯವನ್ನು ಬರೆಯುವ ಹೊಣೆ ಮನುಷ್ಯನದೇ. ಗಣಕಯಂತ್ರವಿಲ್ಲದ ಮನೆಯವರು ಎದೆಗುಂದಬೇಕಿಲ್ಲ. ಗೆರೆ ಎಳೆದ ಒಂದು ಪುಸ್ತಕ ಸಾಕು. ಲಾಟಿಗೊಂದು ಪುಟ, ಪುಟಕ್ಕೊಂದು ಸಂಖ್ಯೆ, ಮನೆಯ ಖರ್ಚಿಗೆ ಬೇರೆಯೇ ಪುಸ್ತಕ: ಈ ಮೂರನ್ನು ಪಾಲಿಸಿದರೆ ಅರ್ಧ ದಾರಿ ಸವೆದಂತೆ.

ಲೆಕ್ಕವಿಡುವುದು ಲೋಭವೆಂದು ಕೆಲವರು ಭಾವಿಸುತ್ತಾರೆ. ಲೋಭಿಯು ತನಗೆಷ್ಟು ಸೇರಿತೆಂದು ಎಣಿಸುತ್ತಾನೆ. ಕಾಯಕಜೀವಿಯು ಕೂಲಿಯವರಿಗೆ, ರೈತರಿಗೆ, ಸಾಲಿಗರಿಗೆ ಸಲ್ಲಬೇಕಾದುದು ಸಂದಿತೆ, ದಾಸೋಹಕ್ಕೆ ಶುದ್ಧವಾಗಿ ಉಳಿದುದೆಷ್ಟು ಎಂದು ಎಣಿಸುತ್ತಾನೆ. ಮುಂದಿನ ಲಾಟಿನಿಂದಲೇ ಈ ಎಣಿಕೆ ನಮ್ಮ ಮನೆಗಳಲ್ಲಿ ಆರಂಭವಾಗಲಿ ಎಂದು ಹಾರೈಸುತ್ತೇವೆ.